ಮಾತಾಡುವವನು ಒಬ್ಬನೇ, ಅವನ ಗುಣ ಗೊತ್ತಾಗುವುದು ಹೇಗೆ?

ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್‌ನ ಪ್ರೇಮ ಪದ್ಯಗಳನ್ನು ಪಾಠ ಮಾಡುವಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಪದ್ಯದ ಉದ್ದಕ್ಕೂ ಮಾತು ಒಬ್ಬನದೇ. ಕವಿ ನಡುವೆ ಬಾಯಿ ಹಾಕುವುದಿಲ್ಲ. ಹಾಗಿದ್ದರೆ ಮಾತಾಡುವವನು ಕೆಟ್ಟವನು ಅಂತ ನಾವು ಹೇಗೆ ಹೇಳುವುದು?

ಅವನು ಯಾವುದರ ಬಗ್ಗೆ ದೂರುತ್ತಾನೆ ನೋಡಿ ಅನ್ನುತ್ತೇನೆ ನಾನು.

'ಮೈ ಲಾಸ್ಟ್ ಡಚೆಸ್' 1842ರಲ್ಲಿ ಅಚ್ಚಾದ ಪದ್ಯ, ಬರೀ 56 ಸಾಲು. ಇಟಲಿಯ ಫೆರಾರಾದ ಡ್ಯೂಕ್, ಸತ್ತ ಹೆಂಡತಿಯ ಚಿತ್ರದ ಪರದೆ ಸರಿಸಿ ಅತಿಥಿಗೆ ತೋರಿಸುತ್ತಾನೆ. ಅವಳ ಮೇಲೆ ಅವನ ದೂರೇನು? ಸೂರ್ಯ ಮುಳುಗುವುದನ್ನು ನೋಡಿ ಖುಷಿಪಟ್ಟಳು. ಯಾರೋ ತೋಟದಿಂದ ಚೆರಿ ಕೊಂಬೆ ಮುರಿದು ತಂದುಕೊಟ್ಟರೆ ಖುಷಿಪಟ್ಟಳು. ತಾನು ಸವಾರಿ ಮಾಡುವ ಬಿಳಿ ಹೇಸರಗತ್ತೆ ಕಂಡರೂ ಖುಷಿ. ಡ್ಯೂಕ್ ಕೊಟ್ಟ ಒಂಬೈನೂರು ವರ್ಷದ ಮನೆತನದ ಹೆಸರಿಗೂ ಇವಕ್ಕೂ ಅವಳು ವ್ಯತ್ಯಾಸ ಮಾಡಲಿಲ್ಲವಂತೆ. ಅಷ್ಟೇ ತಪ್ಪು! ಅವಳನ್ನು ಬೈಯಲು ಹೊರಟವನ ಬಾಯಿಂದಲೇ ಅವಳು ಎಂಥ ಒಳ್ಳೆಯ ಹುಡುಗಿ ಅಂತ ತಿಳಿಯುತ್ತದೆ.

ಇಷ್ಟವಾಗದಿದ್ದರೆ ಅವಳಿಗೆ ಹೇಳಬಹುದಿತ್ತು, ಅಲ್ವಾ? ಹೇಳಿದರೆ ತಾನು ತಗ್ಗಿದಂತೆ, ತಾನು ತಗ್ಗುವವನಲ್ಲ ಅನ್ನುತ್ತಾನೆ. ಆಮೇಲೆ ಆಜ್ಞೆ ಕೊಟ್ಟನಂತೆ, ನಗುವೆಲ್ಲ ಒಮ್ಮೆಗೇ ನಿಂತಿತಂತೆ. ಕೊಲ್ಲಿಸಿದನೇ? ಅವನು ಬಿಡಿಸಿ ಹೇಳುವುದಿಲ್ಲ. ತನಗೆ ಮಾತಾಡಲು ಬರುವುದಿಲ್ಲ ಅಂತ ಬೇರೆ ಹೇಳಿಕೊಳ್ಳುತ್ತಾನೆ. ಅದನ್ನೂ ಪ್ರಾಸ ತಪ್ಪದೆ!

ಕೇಳುತ್ತಿರುವವನು ಯಾರು ಅನ್ನುವುದು ಕೊನೆಗೆ ಗೊತ್ತಾಗುತ್ತದೆ. ಡ್ಯೂಕ್ ಮುಂದೆ ಮದುವೆಯಾಗಲಿರುವ ಹುಡುಗಿಯ ಕಡೆಯವನು. ಆಗಲೇ ವರದಕ್ಷಿಣೆಯ ಮಾತೂ ಬರುತ್ತದೆ. ಗುಟ್ಟು ಬಾಯಿತಪ್ಪಿ ಹೊರಬಿತ್ತು ಅಂತ ಕೆಲವರು ಓದುತ್ತಾರೆ. ನನಗೆ ಹಾಗನಿಸುವುದಿಲ್ಲ. ಹೊಸಬಳು ಹೇಗಿರಬೇಕು ಅಂತ ಬೇಕೆಂದೇ ಹೇಳಿ ಕಳಿಸುತ್ತಿದ್ದಾನೆ. ಕೇಳಿದವರಿಗೆ ತನ್ನ ಮೇಲೆ ಅಸಹ್ಯ ಹುಟ್ಟಬಹುದು ಅನ್ನುವುದು ಮಾತ್ರ ಅವನಿಗೆ ಹೊಳೆಯುವುದೇ ಇಲ್ಲ. ಅವನ ಗುಣ ಇರುವುದು ಅಲ್ಲೇ.

'ಪಾರ್ಫೀರಿಯಾಸ್ ಲವರ್' ಇನ್ನೂ ಹಳೆಯದು, 1836ರದು. ಇಲ್ಲಿ ಕೇಳುವವರು ಯಾರೆಂದು ಗೊತ್ತಿಲ್ಲ. ಗಾಳಿಮಳೆಯಲ್ಲಿ ಬಂದ ಹುಡುಗಿ ಪಾರ್ಫೀರಿಯಾ ಬೆಂಕಿ ಹೊತ್ತಿಸುತ್ತಾಳೆ, ಕಥೆ ಹೇಳುತ್ತಿರುವ ಪ್ರಿಯಕರನ ಪಕ್ಕ ಕೂರುತ್ತಾಳೆ, ಕರೆಯುತ್ತಾಳೆ. ಇವನು ಉತ್ತರ ಕೊಡುವುದಿಲ್ಲ. ಅವಳು ತನ್ನನ್ನು ಆರಾಧಿಸುತ್ತಾಳೆ ಅನ್ನಿಸಿದ ಗಳಿಗೆ, ಆ ಗಳಿಗೆ ಹಾಗೇ ಉಳಿಯಲಿ ಅಂತ, ಅವಳ ಕೂದಲಿನಿಂದಲೇ ಕುತ್ತಿಗೆ ಬಿಗಿದು ಕೊಲ್ಲುತ್ತಾನೆ. ಅವಳಿಗೆ ನೋವಾಗಲಿಲ್ಲ ಅನ್ನುತ್ತಾನೆ. ತಕ್ಷಣ ಇನ್ನೊಮ್ಮೆ, ನೋವಾಗಲಿಲ್ಲ ಅನ್ನುವುದು ತನಗೆ ಖಾತ್ರಿ ಅನ್ನುತ್ತಾನೆ. ಯಾರೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಎರಡು ಸಲ ಉತ್ತರ ಕೊಡುವವನನ್ನು ನಾನಂತೂ ನಂಬುವುದಿಲ್ಲ.

1842ರ ಸಂಕಲನದಲ್ಲಿ ಬ್ರೌನಿಂಗ್ ಇದನ್ನೂ ಇನ್ನೊಂದು ಪದ್ಯವನ್ನೂ 'ಮ್ಯಾಡ್‌ಹೌಸ್ ಸೆಲ್ಸ್' (ಹುಚ್ಚಾಸ್ಪತ್ರೆಯ ಕೋಣೆಗಳು) ಅನ್ನುವ ಒಂದೇ ತಲೆಬರಹದಡಿ ಇಟ್ಟಿದ್ದ. ಮುಂದೆ ಆ ತಲೆಬರಹ ತೆಗೆದ. ತೆಗೆದದ್ದೇ ಒಳ್ಳೆಯದಾಯಿತು. ಹುಚ್ಚಾಸ್ಪತ್ರೆಯವನು ಅಂತ ಮೊದಲೇ ಹೇಳಿಬಿಟ್ಟರೆ ಅವನ ಮಾತನ್ನು ನಾವು ಇಷ್ಟು ಕಿವಿಗೊಟ್ಟು ಕೇಳುತ್ತಿದ್ದೆವಾ?