ರೊಟ್ಟಿ ಉಣ್ಣಂಗಿಲ್ಲ ಅಂತ ಆಣೆ ಮಾಡಿದವರು ಚಪಾತಿ ತಿಂದರೆ?

"ಅಲ್ಲಾನಾಣಿ, ಇನ್ನ ನಾ ನಿಮ್ಮನ್ಯಾಗ ರೊಟ್ಟಿ ಮುಟ್ಟಂಗಿಲ್ಲ." ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತು. ನಾಲ್ಕು ದಿನ ಬಿಟ್ಟು ಅದೇ ಮನೆಯವರು ತಾಟಿಗೆ ಚಪಾತಿ ಹಾಕಿದರೆ ಆಣೆ ಮುರಿಯಿತೋ, ಉಳಿಯಿತೋ?

ಕಲಬುರಗಿ ಕಡೆಯ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು, ಅಂದರೆ ಆ ಹೆಸರಿನ ಸುನ್ನಿ ಕಾನೂನು ಪಂಥದವರು. ಹನಫಿ ಫಿಕ್ಹಿನಲ್ಲಿ (ಧರ್ಮದ ಕಾನೂನಿನಲ್ಲಿ) ಆಣೆಯ ಮಾತನ್ನು ಅಳೆಯುವುದು ಉರ್ಫಿನಿಂದ, ಅಂದರೆ ಆ ಊರಿನ ಮಾತಿನ ರೂಢಿಯಿಂದ. ಕುರ್‌ಆನ್ (16:14) ಸಮುದ್ರದ ಮೀನನ್ನು ತಾಜಾ ಮಾಂಸ ಎಂದೇ ಕರೆಯುತ್ತದೆ. ಆದರೂ "ಮಾಂಸ ತಿನ್ನಲ್ಲ" ಎಂದು ಆಣೆ ಮಾಡಿದವರು ಮೀನು ತಿಂದರೆ ಆಣೆ ಮುರಿಯುವುದಿಲ್ಲ. ಸಂತೆಯಲ್ಲಿ ಮಾಂಸ ತಾ ಎಂದರೆ ಯಾರೂ ಮೀನು ತರುವುದಿಲ್ಲವಲ್ಲ, ಕಾರಣ ಅಷ್ಟೇ. ರೊಟ್ಟಿಯ ಪ್ರಶ್ನೆಯೂ ಹಳೆಯದು. 12ನೇ ಶತಮಾನದ ಮರ್ಗೀನಾನಿಯವರ ಹಿದಾಯಾ ಎಂಬ ಹನಫಿ ಕಾನೂನು ಗ್ರಂಥ ಇದನ್ನು ನೇರವಾಗಿಯೇ ಎತ್ತಿಕೊಳ್ಳುತ್ತದೆ: ರೊಟ್ಟಿ ತಿನ್ನಲ್ಲ ಎಂದವನು ಇರಾಕಿನಲ್ಲಿ ಅಕ್ಕಿರೊಟ್ಟಿ ತಿಂದರೆ ಆಣೆ ಮುರಿಯದು, ತಬರಿಸ್ತಾನದಲ್ಲಿ (ಈಗಿನ ಉತ್ತರ ಇರಾನಿನಲ್ಲಿ) ತಿಂದರೆ ಮುರಿಯುತ್ತದೆ. ಅಲ್ಲಿನವರ ದಿನದ ಊಟವೇ ಅದು.

ಅದೇ ತಕ್ಕಡಿಯನ್ನು ನಮ್ಮ ಕಡೆ ಹಿಡಿದರೆ ಮಜಾ ಇದೆ. ಇಲ್ಲಿ ಕನ್ನಡದಲ್ಲಿ ರೊಟ್ಟಿ ಎಂದರೆ ಜೋಳದ್ದು, ಇಲ್ಲವೇ ಸಜ್ಜೆಯದು. ಚಪಾತಿಯ ಹೆಸರೇ ಬೇರೆ. ಆದರೆ ಇಲ್ಲಿನ ಮುಸ್ಲಿಮರು ಆಡುವ ಉರ್ದುವಾದ ದಖ್ಖನಿಯಲ್ಲಿ "ರೋಟಿ ನೈ ಖಾತೂಂ" ಎಂದರೆ ಗೋಧಿಯದೂ ಅದರೊಳಗೆ ಬರುತ್ತದೆ. ಹಾಗಾಗಿ ಒಬ್ಬರೇ ಮನುಷ್ಯ ಕನ್ನಡದಲ್ಲಿ ಆಣೆ ಮಾಡಿದರೆ ಒಂದು ತೀರ್ಪು, ದಖ್ಖನಿಯಲ್ಲಿ ಮಾಡಿದರೆ ಇನ್ನೊಂದು. ಹೇಳುವಾಗ ಎರಡೂ ಮನಸ್ಸಿನಲ್ಲಿದ್ದವೆಂದು ಅವರೇ ಒಪ್ಪಿಕೊಂಡರೆ ಎರಡಕ್ಕೂ ಆಣೆ ಕಟ್ಟುತ್ತದೆ. "ನಿನ್ನ ಮನ್ಯಾಗ ಕಾಲಿಡಂಗಿಲ್ಲ" ಎನ್ನುವುದೂ ಹೀಗೆಯೇ. ಕಾಲಿಡುವುದು ಎಂದರೆ ಒಳಗೆ ಹೋಗುವುದು. ಗಾಡಿ ಮೇಲೆ ಕೂತು ಅಂಗಳದೊಳಗೆ ಹೋದರೂ ಮುರಿಯಿತು. ಆ ಮನೆ ಬಾಡಿಗೆಯದಾದರೂ ಅದು "ನಿನ್ನ ಮನೆ"ಯೇ.

ಇನ್ನು ಯಾವುದು ಆಣೆಯೇ ಅಲ್ಲ ಎನ್ನುವುದು. ಮಗನ ತಲೆ ಮುಟ್ಟಿ, ತಾಯಿಯಾಣೆ, ದರ್ಗಾದಾಣೆ, ಕಾಬಾದಾಣೆ ಎಂದರೆ ಶರೀಅತ್ತಿನಲ್ಲಿ ಆಣೆ ಕಟ್ಟುವುದಿಲ್ಲ, ಮುರಿದರೆ ಕಫ್ಫಾರಾ (ಆಣೆ ಮುರಿದದ್ದಕ್ಕೆ ತೆರುವ ಪ್ರಾಯಶ್ಚಿತ್ತ) ಇಲ್ಲ. ಹಾಗಂತ ಅದಕ್ಕೆ ಅನುಮತಿ ಇದೆ ಎಂದಲ್ಲ. ಆಣೆ ಮಾಡುವುದಿದ್ದರೆ ಅಲ್ಲಾಹನ ಹೆಸರಲ್ಲಿ ಮಾಡಿ, ಇಲ್ಲವೇ ಸುಮ್ಮನಿರಿ ಎಂಬ ಹದೀಸು (ಪ್ರವಾದಿಯವರ ಮಾತು) ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸು ಸಂಗ್ರಹಗಳಲ್ಲಿ ಇದೆ. ಕುರ್‌ಆನಿನ ಮೇಲಿನ ಆಣೆಯನ್ನು ಹಿಂದಿನ ಹನಫಿಗಳು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಜನರಲ್ಲಿ ರೂಢಿಯಾಯಿತು ಎಂಬ ಕಾರಣಕ್ಕೆ ನಂತರದವರು ಅದನ್ನು ಆಣೆ ಎಂದರು, ಈಗ ಫತ್ವಾ ಇರುವುದು ಅದರ ಮೇಲೆಯೇ. ಇಲ್ಲೂ ಉರ್ಫೇ ಗೆದ್ದಿತು. ಮನಸ್ಸಿನೊಳಗೆ ಅಂದುಕೊಂಡದ್ದು ಆಣೆಯಲ್ಲ. ಉಸಿರು ಬಿಡದೆ ಜೊತೆಗೇ "ಇನ್‌ಶಾ ಅಲ್ಲಾಹ್" ಸೇರಿಸಿದರೂ ಕಟ್ಟುವುದಿಲ್ಲ. ಚಹಾ ಕುಡಿದು ಆಮೇಲೆ ಸೇರಿಸಿದರೆ ನಡೆಯದು. "ನಿನಗ ಅಲ್ಲಾನಾಣಿ, ಉಂಡೇ ಹೋಗಬೇಕು" ಎಂದು ಬೀಗರು ಕೈ ಹಿಡಿದರೆ, ನೀವು ಹೂಂ ಎನ್ನದ ತನಕ ನಿಮ್ಮ ಮೇಲೆ ಏನೂ ಬೀಳುವುದಿಲ್ಲ.

ಮುಂದೆ ಮಾಡುವ ಅಥವಾ ಮಾಡದಿರುವ ಕೆಲಸದ ಮೇಲೆ ಹಾಕಿದ ಆಣೆಗೆ ಮಾತ್ರ ಕಫ್ಫಾರಾ. ಮರೆತು ಮಾಡಿದರೂ, ಒತ್ತಾಯಕ್ಕೆ ಮಾಡಿದರೂ ಹನಫಿಗಳಲ್ಲಿ ಅದು ಮುರಿದ ಹಾಗೆಯೇ. ನಡೆದುಹೋದ ವಿಷಯ ನಿಜವೆಂದು ನಂಬಿ ಆಣೆ ಮಾಡಿ, ಆಮೇಲೆ ತಪ್ಪೆಂದು ತಿಳಿದರೆ ಅದು ಲಗ್ವ್, ಹಿಡಿತವಿಲ್ಲ. ಸುಳ್ಳೆಂದು ಗೊತ್ತಿದ್ದೂ ಮಾಡಿದ್ದು ಗಮೂಸ್, ಅಂದರೆ ಪಾಪದಲ್ಲಿ ಮುಳುಗಿಸುವ ಆಣೆ. ಹೊಲದ ಹದ್ದಿನ ಜಗಳದಲ್ಲಿ ಕೋರ್ಟಿಗೆ ಹೋಗಿ ಸುಳ್ಳಾಣೆ ಮಾಡಿ ಬಂದು, ಹತ್ತು ಮಂದಿಗೆ ಉಣ್ಣಿಸಿದೆ, ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಮುಗಿಯುವುದಿಲ್ಲ. ಹನಫಿಗಳಲ್ಲಿ ಗಮೂಸಿಗೆ ಕಫ್ಫಾರಾನೇ ಇಲ್ಲ. ತೌಬಾ (ಪಶ್ಚಾತ್ತಾಪ) ಮಾಡಬೇಕು, ಹೊಡೆದುಕೊಂಡ ಹೊಲ ತಿರುಗಿ ಕೊಡಬೇಕು. (ಭಟ್ಕಳದ ನವಾಯತರು ಶಾಫಿಈ ಎಂಬ ಇನ್ನೊಂದು ಪಂಥದವರು. ಅವರಲ್ಲಿ ಇದಕ್ಕೆ ಕಫ್ಫಾರಾನೂ ಇದೆ.) ಕೋರ್ಟಿನ ಸುಳ್ಳಾಣೆಗೆ ಶಿಕ್ಷೆಯ ಮಾತಾದರೆ ಈ ದೇಶದಲ್ಲಿ ಅದು ಸರಕಾರಿ ಕಾನೂನಿನದು. 1937ರ ಶರೀಅತ್ ಕಾಯ್ದೆ ಮದುವೆ, ತಲಾಕ್, ವಾರಸಾದಂಥವುಗಳಿಗಷ್ಟೇ.

ಕಫ್ಫಾರಾದ ವಿಷಯದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಆಣೆ ಮುರಿಯಿತು, ಮೂರು ರೋಜಾ ಹಿಡಿದರಾಯಿತು. ಕುರ್‌ಆನಿನ (5:89) ಸಾಲು ಹಾಗಿಲ್ಲ. ಹತ್ತು ಬಡವರಿಗೆ ಊಟ, ಇಲ್ಲವೇ ಬಟ್ಟೆ, ಇಲ್ಲವೇ ಗುಲಾಮನ ಬಿಡುಗಡೆ. ಇವು ಕೈಲಾಗದವರಿಗೆ ಮಾತ್ರ ರೋಜಾ. ಹತ್ತು ಜನಕ್ಕೆ ಉಣ್ಣಿಸುವ ತಾಕತ್ತಿದ್ದವರ ಮೂರು ರೋಜಾ ನಫಿಲ್ (ಕಡ್ಡಾಯವಲ್ಲದ ಉಪವಾಸ) ಆದೀತೇ ಹೊರತು ಕಫ್ಫಾರಾ ಅಲ್ಲ.

ಊಟವೆಂದರೆ ಹೊಟ್ಟೆ ತುಂಬ ಎರಡು ಹೊತ್ತು, ಅದೇ ಹತ್ತು ಮಂದಿಗೆ. ಮುಂಜಾನೆ ಹತ್ತು ಜನ, ಸಂಜೆ ಬೇರೆ ಹತ್ತು ಜನ ಆದರೆ ಕೂಡದು. ದೊಡ್ಡವರಷ್ಟು ಉಣ್ಣಲಾರದ ಸಣ್ಣ ಮಕ್ಕಳು ಲೆಕ್ಕಕ್ಕಿಲ್ಲ. ಗೋಧಿರೊಟ್ಟಿ ಬರಿದೇ ಕೊಟ್ಟರೂ ನಡೆಯುತ್ತದೆ, ಜವೆಗೋಧಿಯ ರೊಟ್ಟಿಗೆ ನಂಚಿಕೊಳ್ಳಲು ಏನಾದರೂ ಬೇಕೇ ಬೇಕು ಎಂದು ಫಿಕ್ಹಿನಲ್ಲಿದೆ, ಒಣಗಿದ್ದು ಹೊಟ್ಟೆ ತುಂಬ ಇಳಿಯುವುದಿಲ್ಲ ಅಂತ. ಜೋಳದ ರೊಟ್ಟಿಗೂ ಅದೇ ನ್ಯಾಯ ಸಲ್ಲಬೇಕು. ಪಲ್ಯ, ಬೇಳೆ ಇಲ್ಲದೆ ಬಡಿಸಬೇಡಿ.

ಕಾಳು ಕೊಡುವುದಾದರೆ ತಲೆಗೆ ಅರ್ಧ ಸಾಅ್ (ಹಳೆಯ ಅಳತೆ) ಗೋಧಿ, ಈದಿಗೆ ಬಡವರಿಗೆ ಕೊಡುವ ಫಿತ್ರಾದಷ್ಟೇ. ಉಲಮಾಗಳ ತೂಕದ ಲೆಕ್ಕ ಒಂದೂವರೆ ಕಿಲೋದಿಂದ ಎರಡು ಕಿಲೋ ಚಿಲ್ಲರೆಯವರೆಗೆ ಓಡಾಡುತ್ತದೆ, ನಿಮ್ಮ ಮಸೀದಿಯಲ್ಲಿ ಫಿತ್ರಾಗೆ ಹೇಳುವ ತೂಕವೇ ಸಾಕು. ಆದರೆ ಜೋಳವನ್ನು ಅದೇ ತೂಕದಲ್ಲಿ ಅಳೆದು ಕೊಡಬೇಡಿ. ಜೋಳ, ಅಕ್ಕಿ ಹದೀಸಿನಲ್ಲಿ ಹೆಸರಿಸಿದ ಕಾಳುಗಳಲ್ಲ. ಅಷ್ಟು ಗೋಧಿಯ ಪ್ಯಾಟಿ ದರ ಎಷ್ಟೋ, ಅಷ್ಟು ರೊಕ್ಕದ ಜೋಳ ಕೊಡಬೇಕು. ರೊಕ್ಕವನ್ನೇ ಕೊಟ್ಟರೂ ಆಯಿತು. ಒಬ್ಬನೇ ಬಡವನಿಗೆ ಹತ್ತು ದಿನ ದಿನಕ್ಕೊಂದು ಪಾಲು ಕೊಡಬಹುದು. ಹತ್ತೂ ಪಾಲು ಒಂದೇ ದಿನ ಕೊಟ್ಟರೆ ಒಂದೇ ಎಂದು ಲೆಕ್ಕ, ಒಂಬತ್ತು ಬಾಕಿ. ತಂದೆ-ತಾಯಿ, ಮಕ್ಕಳು, ಗಂಡ-ಹೆಂಡತಿಗೆ ಕೊಡುವಂತಿಲ್ಲ. ಮಸೀದಿ ಕಟ್ಟಡಕ್ಕೂ ಇಲ್ಲ, ಏಕೆಂದರೆ ಬಡವನ ಕೈಗೇ ಸೇರಬೇಕು. ಬಟ್ಟೆಯಾದರೆ ಮೈಯ ಹೆಚ್ಚುಭಾಗ ಮುಚ್ಚುವಂಥದ್ದು. ಬರೀ ಪೈಜಾಮಾ ಸಾಲದು.

ರೋಜಾದ ಸರದಿ ಬಂದರೆ ಮೂರೂ ಬೆನ್ನಿಗೆ ಬೆನ್ನು, ನಿಯ್ಯತ್ತು (ಸಂಕಲ್ಪ) ಸಹರಿ (ಬೆಳಗಿನ ಜಾವದ ಊಟದ ಹೊತ್ತು) ಮುಗಿಯುವುದರೊಳಗೆ. ನಡುವೆ ಮುಟ್ಟಾದರೆ ಮೊದಲಿನಿಂದ ಶುರು. ಎರಡು ಈದುಗಳಲ್ಲಿ, ಬಕ್ರೀದಿನ ನಂತರದ ಮೂರು ದಿನಗಳಲ್ಲಿ ಹಿಡಿಯುವಂತಿಲ್ಲ. ಮೂರನೆಯ ದಿನ ಮುಗಿಯುವ ಮೊದಲೇ ಕೈಗೆ ರೊಕ್ಕ ಬಂದರೆ ರೋಜಾ ಬಿಟ್ಟು ಊಟಕ್ಕೇ ತಿರುಗಬೇಕು. ಮುಖ್ಯವಾದದ್ದು ಇನ್ನೊಂದು: ಆಣೆ ಮುರಿಯುವ ಮೊದಲೇ ಕೊಟ್ಟ ಕಫ್ಫಾರಾ ಹನಫಿಗಳಲ್ಲಿ ಕೂಡದು. ತಮ್ಮನ ಜೊತೆ ಮಾತಾಡಲ್ಲ ಎಂದು ಆಣೆ ಮಾಡಿದ್ದರೆ ಮೊದಲು ಹೋಗಿ ಮಾತಾಡಿ. ಆಣೆಗಿಂತ ಒಳ್ಳೆಯದು ಕಂಡರೆ ಅದನ್ನು ಮಾಡಿ, ಕಫ್ಫಾರಾ ಕೊಡಿ ಎಂದೇ ಹದೀಸು.

"ಹೆಂಡ್ತಿ ನನಗ ಹರಾಮ್" ಎಂಬ ಮಾತು ಬಂದಿದ್ದರೆ ಇದ್ಯಾವುದನ್ನೂ ಅದಕ್ಕೆ ಹಚ್ಚಬೇಡಿ. ಅದು ತಲಾಕಿನ ಬಾಗಿಲಿಗೆ ಹೋಗುವ ಮಾತು. ಮುಫ್ತಿ ಸಾಹೇಬರ ಹತ್ತಿರ ಅವತ್ತೇ ಹೋಗಿ. ಕನ್ನಡದಲ್ಲಿ ಅಂದಿದ್ದರೆ ಕನ್ನಡದಲ್ಲೇ ಹೇಳಿ, ಉರ್ದುವಿಗೆ ತಿರುಗಿಸಿ ಹೇಳಬೇಡಿ.