ಟಿಕೆಟ್ ಕೊಡ್ತಿದ್ದಿ, ಈಗ ಏನ್ ಕೊಡ್ತಿ?

"ಏನವಾ ಟೀಚರವ್ವ, ಇಲ್ಲಿದ್ದಾಗ ಟಿಕೆಟ್ ಕೊಡ್ತಿದ್ದಿ. ಈಗ ಅಲ್ಲಿ ಏನ್ ಕೊಡ್ತಿ?"

ಸೋಮವಾರ ಮುಂಜಾನೆ ಕಲಬುರಗಿಯಿಂದ ಶಹಾಪುರಕ್ಕೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ಕಾಕಾ ಕೇಳಿದ್ದು. ಎಲ್ಲಾ ಹೆಣ್ಮಕ್ಕಳ ಹಾಗೆ ನಾನೂ ಆಧಾರ್ ಕಾರ್ಡ್ ಮುಂದೆ ಹಿಡಿದಿದ್ದೆ. ಅವರು ಕಾರ್ಡ್ ನೋಡಲೇ ಇಲ್ಲ, ಮುಖ ನೋಡಿ ಜೋರಾಗಿ ನಕ್ಕರು. ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೈಗಿಟ್ಟರು. "ತಗೋ, ನೀನೂ ಪುಕ್ಕಟ ಕಲಸ್ತಿ, ನಾನೂ ಪುಕ್ಕಟ ಕರ್ಕೊಂಡ್ ಹೋಗ್ತೀನಿ" ಅಂದು ಹಿಂದಿನ ಸೀಟಿಗೆ ಹೋದರು. ಅಕ್ಕಪಕ್ಕದವರು ನಕ್ಕರು. ನಾನೂ ನಕ್ಕೆ.

ಕಟ್ಟಿಸಂಗಾವಿ ಬ್ರಿಜ್ ಬಂತು, ಭೀಮಾ ನದಿ ಹಿಂದೆ ಬಿತ್ತು, ಜೇವರ್ಗಿಯೂ ದಾಟಿತು. ತಲೆಯಲ್ಲಿ ಅದೇ ಮಾತು. ಏನ್ ಕೊಡ್ತಿ?

ಕಾಕಾ ನನಗೆ ಕಂಡಕ್ಟರ್ ಕೆಲಸ ಕಲಿಸಿದವರು. ಬಾಯಿ ಜಾಸ್ತಿ, ಮನಸ್ಸು ಒಳ್ಳೆಯದು. ಚಿಲ್ಲರೆಗೆ ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತಾರೆ, ಆದರೆ ಕೋಲು ಊರಿಕೊಂಡು ಬರುವ ಮುದುಕಿ ಹತ್ತಿ ಕೂರುವವರೆಗೆ ರೈಟ್ ಅನ್ನುವುದಿಲ್ಲ. "ಮೊದಲ ತಲಿ ಎಣಸು, ಆಮ್ಯಾಲ ರೊಕ್ಕ ಎಣಸು" ಅಂತ ಮೊದಲ ದಿನವೇ ಹೇಳಿದ್ದರು. ತಲೆಗೂ ಮಷಿನ್ ಲೆಕ್ಕಕ್ಕೂ ಹೊಂದದಿದ್ದರೆ ಚೆಕಿಂಗ್‌ನವರು ಮೆಮೊ ಬರೆಯುತ್ತಾರೆ.

"ಮೊದಲಿಂದಲೂ ಟೀಚರ್ ಆಗೋ ಕನಸಿತ್ತಾ ಮೇಡಂ?" ಅಂತ ಕೇಳುವವರಿದ್ದಾರೆ. ಸುಳ್ಳು ಯಾಕೆ, ಇರಲಿಲ್ಲ. ಬಿ.ಎ. ಆಗಿತ್ತು, ಗೆಳತಿಯರು ಬಿ.ಎಡ್.ಗೆ ಅರ್ಜಿ ಹಾಕಿದರು, ನಾನೂ ಹಾಕಿದೆ. ಆಮೇಲೆ ಒಂದು ಖಾಸಗಿ ಶಾಲೆ. ಅಲ್ಲಿ ಸಂಬಳ ಮಾಲಕರ ಮೂಡ್ ನೋಡಿಕೊಂಡು ಬರುತ್ತಿತ್ತು. ಕಂಡಕ್ಟರ್ ನೌಕರಿ ಸಿಕ್ಕಾಗ ಅಪ್ಪ ಓಣಿಗೆಲ್ಲ ಪೇಡೆ ಹಂಚಿದರು. ಪಾಠ ಬಿಟ್ಟು ಬಂದದ್ದಕ್ಕೆ ನನಗೇನೂ ಬೇಜಾರಾಗಲಿಲ್ಲ.

ಮತ್ತೆ ಈ ಕಡೆ ತಿರುಗಿಸಿದ್ದು ಒಂದು ಹಾಫ್ ಟಿಕೆಟ್.

ದೀಪಾವಳಿ ಮುಗಿದ ಮೇಲೆ ನಮ್ಮ ಕಡೆ ಬಸ್ಸಿನಲ್ಲಿ ಗಂಟುಮೂಟೆ ಜಾಸ್ತಿ. ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗುವವರು. ಚೀಲದಲ್ಲಿ ಜೋಳದ ಹಿಟ್ಟು, ಹಂಚು, ಕೊಡ. ಚೀಲದ ಮೇಲೆ ಮಕ್ಕಳು. ಹಾಫ್ ಟಿಕೆಟ್ ಕೊಡಬೇಕಾದರೆ ವಯಸ್ಸು ಕೇಳಬೇಕು. ಒಬ್ಬ ಹುಡುಗಿಯನ್ನು ತೋರಿಸಿ ಕೇಳಿದೆ. ತಾಯಿ ಲೆಕ್ಕ ಹಾಕುತ್ತಿದ್ದಳು, ಅಷ್ಟರಲ್ಲಿ ಹುಡುಗಿಯೇ "ಐದನೇತ್ತರಿ" ಅಂದಳು. ನಾನು ಕೇಳಿದ್ದು ವಯಸ್ಸು, ಅವಳು ಹೇಳಿದ್ದು ಕ್ಲಾಸು. ಮೈಮೇಲೆ ಶಾಲೆಯ ಯೂನಿಫಾರ್ಮೇ ಇತ್ತು. ಊರಿಗೆ ಹಾಕಿಕೊಂಡು ಹೋಗಲು ಇದ್ದ ಒಳ್ಳೆ ಬಟ್ಟೆ ಅದೇ ಇರಬೇಕು. ಟಿಕೆಟ್ ಕೊಟ್ಟೆ, ಇನ್ನೇನು ಮಾಡಲಿ? ಶಾಲೆ ಏನಾಯ್ತು ಅಂತ ಕೇಳುವುದು ಕಂಡಕ್ಟರ್ ಕೆಲಸ ಅಲ್ಲ.

ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಪುಸ್ತಕ ಬ್ಯಾಗಿಗೆ ಬಂದದ್ದು ಅದಾದ ಮೇಲೆ. ಡಿಪೊದ ರೆಸ್ಟ್ ರೂಮಿನಲ್ಲೇ ಓದಿದೆ. 2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಶಿಕ್ಷಕರನ್ನು ಕರೆದರು. ಅದರಲ್ಲಿ 5,000 ಹುದ್ದೆ ನಮ್ಮ ಕಲ್ಯಾಣ ಕರ್ನಾಟಕಕ್ಕೇ. ನಮ್ಮ ಭಾಗದವರಿಗೆ ಮೀಸಲಾತಿ ಕೊಡುವ 371(ಜೆ) ಸರ್ಟಿಫಿಕೇಟ್ ಹಚ್ಚಿ ಅರ್ಜಿ ಹಾಕಿದೆ. ಪರೀಕ್ಷೆ, ಪಟ್ಟಿ, ಕೋರ್ಟು ಎಲ್ಲಾ ಮುಗಿದು ಆದೇಶ ಕೈಗೆ ಬರುವಷ್ಟರಲ್ಲಿ ಶಕ್ತಿ ಯೋಜನೆಯೂ ಶುರುವಾಗಿತ್ತು. ನಾನು ಬಸ್ ಇಳಿದೆ, ಹೆಣ್ಮಕ್ಕಳಿಗೆಲ್ಲ ಬಸ್ ಪುಕ್ಕಟೆ ಆಯ್ತು ಅಂತ ಕಾಕಾ ಈಗಲೂ ಚೇಷ್ಟೆ ಮಾಡುತ್ತಾರೆ.

ಈಗ ಹತ್ತಿ ಬಿಡಿಸುವ ಸೀಸನ್. ನಮ್ಮ ಶಾಲೆ ಮುಂದೆಯೇ ಕೂಲಿಯವರನ್ನು ಹೊಲಕ್ಕೆ ಒಯ್ಯುವ ಟಂಟಂ ಆಟೊ ನಿಲ್ಲುತ್ತದೆ. ಪ್ರಾರ್ಥನೆಗೆ ಮಕ್ಕಳು ಸೇರುವ ಮೊದಲೇ ಅದು ನಮ್ಮ ಮಕ್ಕಳಿಂದಲೇ ತುಂಬಿ ಹೋಗಿರುತ್ತದೆ. ಕೇಜಿ ಲೆಕ್ಕದಲ್ಲಿ ಕೂಲಿ. ಬಿಸಿಯೂಟದಲ್ಲಿ ಮೊಟ್ಟೆ ಇರುವ ದಿನ ಸಣ್ಣವರು ಒಂದಿಷ್ಟು ಜನ ಉಳಿಯುತ್ತಾರೆ, ದೊಡ್ಡವರು ಅದಕ್ಕೂ ನಿಲ್ಲುವುದಿಲ್ಲ. ಬಸ್ಸಿನಲ್ಲಿ ಒಂದು ತಲೆ ತಪ್ಪಿದರೆ ನನಗೆ ಮೆಮೊ. ಇಲ್ಲಿ ಬೆಂಚಿಗೆ ಬೆಂಚೇ ಖಾಲಿಯಾದರೂ ಯಾರಿಗೂ ಮೆಮೊ ಇಲ್ಲ.

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಮಾತ್ರ ಎಲ್ಲರಿಗೂ ಎಚ್ಚರ. 2024ರಲ್ಲಿ ಯಾದಗಿರಿ ಕೊನೆ. 2025ರಲ್ಲಿ ಶೇ. 42.43 ಬಂದು ಕಲಬುರಗಿ ಕೊನೆ. ಟಿವಿಯವರು ಕರಾವಳಿ ಜಿಲ್ಲೆಗಳಿಗೆ ಹೋಲಿಸಿ ನಮ್ಮನ್ನು ಬೈಯುತ್ತಾರೆ. ಹತ್ತರಲ್ಲಿ ಫೇಲಾದ ಹುಡುಗ ಏಳನೇ ತರಗತಿಯ ನವೆಂಬರ್ ತಿಂಗಳಲ್ಲಿ ಎಲ್ಲಿದ್ದ ಅಂತ ಒಬ್ಬರೂ ಕೇಳುವುದಿಲ್ಲ. ಹೊಲದಲ್ಲಿದ್ದ, ಇನ್ನೆಲ್ಲಿ?

ತಂದೆತಾಯಿಗಳ ಮೇಲೆ ನನಗೆ ಸಿಟ್ಟಿಲ್ಲ. ಸಾಲ ಇದ್ದವರ ಮನೆಯಲ್ಲಿ ಕೂತು ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ಸಿಟ್ಟಿರುವುದು ಆ ಟಂಟಂ ಮಾಲಕನ ಮೇಲೆ. "ಹುಡುಗರ ಬೆರಳು ಸಣ್ಣು ಇರ್ತಾವ್ರಿ ಮೇಡಂ, ಲಗೂನ ಬಿಡಸ್ತಾವ" ಅಂತ ನನ್ನೆದುರೇ ಹೇಳಿದ, ಎತ್ತಿನ ಹಲ್ಲು ನೋಡಿ ಬೆಲೆ ಹೇಳುವವನ ಹಾಗೆ.

ಶಹಾಪುರದಲ್ಲಿ ಇಳಿಯುವಾಗ ಕಾಕಾಗೆ ಹೇಳಿದೆ, "ಕೊಡೋದ್ ಏನೂ ಇಲ್ಲ ಕಾಕಾ, ದಿನಾ ಹಾಜರಿ ತಗೋತೀನಿ."

"ಹಂಗಾರ ಕೆಲಸ ಏನ್ ಬದಲಾತು? ಅಲ್ಲೂ ತಲಿ ಎಣಸೋದೇ!" ಅಂದು ಸೀಟಿ ಊದಿದರು.

ಶನಿವಾರ ಪಾಲಕರ ಸಭೆ ಇದೆ. ಟಂಟಂ ಮಾಲಕನ ಮಗ ನನ್ನ ಏಳನೇ ತರಗತಿಯಲ್ಲೇ ಓದುತ್ತಾನೆ. ಮುಂದಿನ ಬೆಂಚು, ಒಂದು ದಿನವೂ ತಪ್ಪಿಸಿಲ್ಲ. ಅಪ್ಪನಿಗೆ ಹೇಳಿ ಕಳಿಸಿದ್ದೇನೆ. ಮೊದಲು ಅವನ ಮಗನ ಹಾಜರಿ ಓದುತ್ತೇನೆ, ಆಮೇಲೆ ಅವನ ಗಾಡಿಯಲ್ಲಿ ಹೋಗುವವರದ್ದು. ಹೆಡ್ ಮಾಸ್ತರು ಗಾಬರಿಯಾಗಿ, "ಯಾಕ್ ಬೇಕ್ರಿ ಮೇಡಂ ಇದೆಲ್ಲಾ, ನಾವು ಇದೇ ಊರಾಗ ಇರ್ಬೇಕು" ಅಂದರು.

ಇರ್ಬೇಕಲ್ರಿ ಸರ, ಅದಕ್ಕೇ ಓದ್ತೀನಿ ಅಂದೆ.