ಅಕ್ಕನ ನೋಟ್‌ಬುಕ್ಕು

1 ಅಕ್ಟೋಬರ್ 2024, ಮಂಗಳವಾರ

ಇವತ್ತು ಹಿರಿಯರ ದಿನ. ಬೆಳಗ್ಗೆಯಿಂದ ಫೋನಿಗೆ ಶುಭಾಶಯಗಳು ಬರುತ್ತಲೇ ಇದ್ದವು. ಅಕ್ಕ ಅದೊಂದನ್ನೂ ನೋಡಿರಲಿಲ್ಲ. ನಾನು ಹೋಗುವಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದರು. "ಒಂಬತ್ತೂವರೆಗೆ ಬರ್ತೀನಿ ಅಂತ ಹೇಳಿದೀನಿ. ಅವರು ಒಂಬತ್ತಕ್ಕೇ ಕಾಯ್ತಾ ಕೂತಿರ್ತಾರೆ, ನಡಿ" ಅಂದರು. ಹಿರಿಯರ ಮನೆಗಳಿಗೆ ಇದು ಅಕ್ಕನ ಕೊನೆಯ ಸುತ್ತು ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

41 ವರ್ಷ ಹೀಗೆ ನಡೆದಿದ್ದಾರೆ. ನೌಕರಿ ಇದ್ದಾಗ ಸಂಜೆ ಮತ್ತು ರಜೆಯ ದಿನ, ನಿವೃತ್ತಿಯಾದ ಮೇಲೆ ಹೆಚ್ಚುಕಡಿಮೆ ದಿನಾಲೂ. ಒಂಟಿಯಾಗಿರುವ ಹಿರಿಯರು, ಮನೆ ತುಂಬ ಜನರಿದ್ದೂ ಒಂಟಿಯಾಗಿರುವ ಹಿರಿಯರು, ಹಾಸಿಗೆ ಹಿಡಿದವರು. ಸಮಾಜಸೇವೆ ಅಂತ ಯಾರಾದರೂ ಅಂದರೆ ಅಕ್ಕನಿಗೆ ಮುಜುಗರ. "ಹೋಗಿ ಬರ್ತೀನಿ, ಅಷ್ಟೆ" ಅನ್ನುತ್ತಾರೆ. ಆ ಹೋಗಿ ಬರುವುದರಲ್ಲಿ ಏನೆಲ್ಲ ಇದೆ ಅಂತ ಬರೆದಿಡದಿದ್ದರೆ ನನಗೆ ಇವತ್ತು ನಿದ್ದೆ ಬರಲಾರದು.

ಮೊದಲನೇ ಮನೆಯ ಹಿರಿಯರಿಗೆ ಪಾರ್ಶ್ವವಾಯು ಆಗಿ ಏಳು ತಿಂಗಳು. ಬಲಗೈ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ನಾವು ಹೋದಾಗ ಅಂಗಿ ಹಾಕಿಕೊಳ್ಳುತ್ತಿದ್ದರು. ಆರು ಗುಂಡಿ. ಮೊದಲ ಮೂರು ಹೇಗೋ ಆದವು. ನಾಲ್ಕನೆಯದು ಕಾಜಕ್ಕೆ ಅರ್ಧ ಹೋಗುವುದು, ಜಾರುವುದು. ಹೆಬ್ಬೆರಳು ಗುಂಡಿಯ ಅಂಚನ್ನು ಹುಡುಕಿಕೊಂಡು ಬಟ್ಟೆಯ ಮೇಲೆ ಸುಮ್ಮನೆ ತಡಕಾಡುವುದು. ಮೂರನೇ ಸಲ ಜಾರಿದಾಗ ನನ್ನ ಕೈ ತಾನಾಗಿ ಮುಂದೆ ಹೋಯಿತು. ಅಕ್ಕ ಕಣ್ಣಲ್ಲೇ ತಡೆದರು. ತಾವು ಮಾತ್ರ ಆ ಕಡೆ ನೋಡಲೇ ಇಲ್ಲ. ಕಿಟಕಿಯ ಹತ್ತಿರ ಹೋಗಿ ಹೊರಗಿನ ಮರದಲ್ಲಿ ಹೊಸದಾಗಿ ಕಟ್ಟಿದ ಗೂಡಿನ ಬಗ್ಗೆ ಅವರ ಹತ್ತಿರ ಮಾತಾಡುತ್ತಾ ನಿಂತರು. ಹನ್ನೆರಡು ನಿಮಿಷ ಹಿಡಿಯಿತು. ಆರನೇ ಗುಂಡಿ ಹಾಕಿ ಅವರು ಅಂಗಿಯನ್ನು ಕೆಳಗಿನಿಂದ ಒಮ್ಮೆ ಜಗ್ಗಿ ಸರಿಮಾಡಿಕೊಂಡರು. ಆ ಜಗ್ಗುವುದರಲ್ಲಿದ್ದ ಠೀವಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಹೊರಗೆ ಬಂದ ಮೇಲೆ ಅಕ್ಕ ಹೇಳಿದರು: "ನೀನು ಹಾಕಿದ್ರೆ ಅರ್ಧ ನಿಮಿಷದ ಕೆಲಸ. ನಾಳೆ ಯಾರು ಹಾಕ್ತಾರೆ? ಮಾಡದೇ ಬಿಟ್ಟರೆ ಆ ಕೈ ಇರೋದೂ ಮರೆತುಬಿಡುತ್ತೆ. ಮತ್ತೆ, ನಾವು ನೋಡ್ತಾ ಕೂತರೆ ಅವರ ಕೈ ಇನ್ನೂ ನಡುಗುತ್ತೆ. ಅದಕ್ಕೇ ಗೂಡಿನ ಮಾತು."

ವಿಶ್ವಸಂಸ್ಥೆಯ ಮಹಾಸಭೆ ಅಕ್ಟೋಬರ್ 1ನ್ನು ಹಿರಿಯರ ದಿನ ಅಂತ ನಿರ್ಧರಿಸಿದ್ದು 1990ರಲ್ಲಿ. ಮರುವರ್ಷ ಡಿಸೆಂಬರಿನಲ್ಲಿ ಹಿರಿಯರಿಗಾಗಿ 18 ತತ್ತ್ವಗಳನ್ನು ಒಪ್ಪಿ, ಐದು ಗುಂಪು ಮಾಡಿತು. ಮೊದಲನೆಯದು ಸ್ವಾವಲಂಬನೆ, ಎರಡನೆಯದು ಪಾಲ್ಗೊಳ್ಳುವಿಕೆ. ಆರೈಕೆ ಬರುವುದು ಮೂರನೆಯದಾಗಿ. ಆಮೇಲೆ ಆತ್ಮತೃಪ್ತಿ, ಘನತೆ. ಈ ಪಟ್ಟಿಯನ್ನು ಒಮ್ಮೆ ಅಕ್ಕನಿಗೆ ಓದಿ ಹೇಳಿದ್ದೆ. ಎರಡು ಸಲ ಓದಿಸಿಕೊಂಡು "ಸರಿಯಾದ ಕ್ರಮದಲ್ಲೇ ಇಟ್ಟಿದಾರೆ" ಅಂದಿದ್ದರು. ನಮ್ಮಂಥವರು ಸೀದಾ ಮೂರನೆಯದಕ್ಕೆ ಕೈ ಹಾಕುತ್ತೇವೆ. ಆರೈಕೆ ಮಾಡುವ ಅವಸರದಲ್ಲಿ ಅವರ ಕೈಯಲ್ಲಿದ್ದ ಕೆಲಸವನ್ನು ಕಿತ್ತುಕೊಳ್ಳುತ್ತೇವೆ.

ಎರಡನೇ ಮನೆಯ ಅಜ್ಜಿಗೆ ಕಿವಿ ಮಂದ. ಮನೆಯವರು ಅವರ ಹತ್ತಿರ ಕೂಗಿಯೇ ಮಾತಾಡುವುದು. ವಯಸ್ಸಿನ ಕಿವುಡಿನಲ್ಲಿ ಮೊದಲು ಕೈಬಿಡುವುದು ತಾರಕದ ಸದ್ದುಗಳು. ಸ, ಶ, ಫ ಇಂಥ ವ್ಯಂಜನಗಳು ಅಳಿಸಿಹೋಗಿ ಸ್ವರಗಳು ಉಳಿಯುತ್ತವೆ. "ಸಾಕು" ಅಂದದ್ದು "ಹಾಕು" ಅಂತ ಕೇಳಬಹುದು. ಕೂಗಿದರೆ ಸದ್ದು ಜಾಸ್ತಿಯಾಗುತ್ತದೆ, ಮಾತು ತಿಳಿಯಾಗುವುದಿಲ್ಲ. ಎದುರಿಗಿದ್ದವರ ಮುಖ ಸಿಟ್ಟಿನದಾಗಿ ಕಾಣುವುದು ಬೇರೆ. ಅಕ್ಕ ಕುರ್ಚಿಯನ್ನು ಅಜ್ಜಿಯ ಎದುರಿಗೇ ಎಳೆದುಕೊಂಡು, ಬೆಳಕು ತಮ್ಮ ಮುಖದ ಮೇಲೆ ಬೀಳುವ ಹಾಗೆ ಕೂತು, ದನಿ ತಗ್ಗಿಸಿ, ಬಿಡಿಸಿ ಬಿಡಿಸಿ ಮಾತಾಡುತ್ತಾರೆ. ತಿಳಿಯದಿದ್ದರೆ ಅದೇ ಮಾತನ್ನು ಮತ್ತೆ ಹೇಳದೆ ಬೇರೆ ಪದದಲ್ಲಿ ಹೇಳುತ್ತಾರೆ. ಅಜ್ಜಿ ನಗುತ್ತಾರೆ. ಆ ಮನೆಯಲ್ಲಿ ಅವರು ನಕ್ಕಿದ್ದನ್ನು ನಾನು ಬೇರೆ ಯಾರ ಜೊತೆಯಲ್ಲೂ ಕಂಡಿಲ್ಲ.

ಅಜ್ಜಿ ಹೇಳುವುದು ಯಾವಾಗಲೂ ಒಂದೇ ಕತೆ. ಮಳೆಗಾಲದಲ್ಲಿ ನೆರೆ ಬಂದಾಗ ಹಸುಗೂಸನ್ನು ಎತ್ತಿಕೊಂಡು ದೋಣಿಯಲ್ಲಿ ಹೊಳೆ ದಾಟಿದ್ದು. ನಾನೇ ಮೂವತ್ತು ಸಲ ಕೇಳಿರಬೇಕು. ಹೀಗೆ ಹಳೆಯದನ್ನೇ ತಿರುಗಿಸಿ ಹೇಳುವುದನ್ನು ಅರಳುಮರಳು ಅಂತ ತಳ್ಳಿಹಾಕುತ್ತಿದ್ದ ಕಾಲದಲ್ಲಿ, 1963ರಲ್ಲಿ, ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಅದು ಕಾಯಿಲೆಯಲ್ಲ, ಬದುಕಿನ ಕೊನೆ ಹತ್ತಿರವಾದಾಗ ಮನಸ್ಸು ತನ್ನ ಬಾಳನ್ನು ತಾನೇ ತಿರುವಿ ನೋಡಿ ಲೆಕ್ಕ ಸರಿಮಾಡಿಕೊಳ್ಳುವ ಸಹಜ ಕೆಲಸ ಅಂತ ಬರೆದ. ಅಕ್ಕ ಅವನನ್ನು ಓದಿದವರಲ್ಲ. ಆದರೆ ಪ್ರತಿ ಸಲ ಕತೆ ಕೇಳಿ ಒಂದೇ ಒಂದು ಹೊಸ ಪ್ರಶ್ನೆ ಕೇಳುತ್ತಾರೆ. ಇವತ್ತು ಕೇಳಿದ್ದು: "ದೋಣಿಯಲ್ಲಿ ಮಗು ಅಳ್ತಿತ್ತಾ ಅಮ್ಮಾ?"

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಇಲ್ಲ. ಅದು ನಿದ್ದೆ ಮಾಡ್ತಿತ್ತು. ಅತ್ತಿದ್ದು ನಾನು" ಅಂದರು. ಮೂವತ್ತು ಸಲದಲ್ಲಿ ಈ ಮಾತು ಬಂದಿರಲಿಲ್ಲ. ಅಕ್ಕ ಅವರ ಕೈ ಹಿಡಿದು ಕೂತರು.

ಮಧ್ಯಾಹ್ನದ ಎರಡು ಮನೆ ಬೇಗ ಮುಗಿದವು. ಒಂದು ಕಡೆ ಮಾತ್ರೆ ಡಬ್ಬಿ ತುಂಬುವುದಿತ್ತು, ಇನ್ನೊಂದು ಕಡೆ ಬರೀ ಬಾಗಿಲಲ್ಲಿ ನಿಂತು ಮಾತಾಡಿ ಬಂದೆವು.

ನನ್ನದೊಂದು ತಪ್ಪಿದೆ, ಅದನ್ನೂ ಇಲ್ಲಿ ಬರೆಯಬೇಕು. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೆ ಮನೆಗೆ ಹೊತ್ತಾಯಿತು ಅಂತ, ಮಲಗಿದ್ದ ಹಿರಿಯರೊಬ್ಬರನ್ನು ಒಮ್ಮೆಲೇ ಎಬ್ಬಿಸಿ ನಿಲ್ಲಿಸಿದೆ. ನಾಲ್ಕು ಹೆಜ್ಜೆಗೆ ಕಣ್ಣು ಕತ್ತಲಿಟ್ಟು ಬಿದ್ದರು. ಸೊಂಟದ ಮೂಳೆ ಮುರಿಯಿತು. ಮಲಗಿದ್ದವರು ಎದ್ದಾಗ ರಕ್ತ ಕಾಲಿಗಿಳಿಯುತ್ತದೆ. ಎಳೆಯ ಮೈ ಕೂಡಲೇ ಅದನ್ನು ಸರಿದೂಗಿಸುತ್ತದೆ, ವಯಸ್ಸಾದ ಮೈಗೆ ಹೊತ್ತು ಬೇಕು, ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು. ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ನಿಮಿಷ ಕೂರಿಸಿದ್ದರೆ ಸಾಕಿತ್ತು. ಅಕ್ಕ ಬೈಯಲಿಲ್ಲ. ಆಸ್ಪತ್ರೆಯ ಹೊರಗೆ ರಾತ್ರಿಯೆಲ್ಲ ನನ್ನ ಪಕ್ಕ ಕೂತಿದ್ದು, ಬೆಳಗ್ಗೆ "ಬಾ, ಒಳಗೆ ಹೋಗಿ ನೀನೇ ಮಾತಾಡು" ಅಂತ ಕರೆದುಕೊಂಡು ಹೋದರು. ಆ ಹಿರಿಯರು ಆಮೇಲೆ ವಾಕರ್ ಇಲ್ಲದೆ ನಡೆಯಲಿಲ್ಲ. ಆದರೂ ನನ್ನ ಭುಜವನ್ನೇ ಕೇಳಿ ಹಿಡಿದುಕೊಳ್ಳುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಯಾರನ್ನಾದರೂ ಎಬ್ಬಿಸುವಾಗ ಇವತ್ತಿಗೂ ಆ ತೂಕ ನನ್ನ ಭುಜದ ಮೇಲೆ ಬರುತ್ತದೆ.

ಸಂಜೆ ಅಕ್ಕ ನೋಟ್‌ಬುಕ್ಕು ಕೊಟ್ಟರು. ರಟ್ಟು ಕಿತ್ತುಬಂದು ಬಟ್ಟೆಯ ಪಟ್ಟಿ ಅಂಟಿಸಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಕಾಯಿಲೆಯ ವಿವರ ಕೆಳಗೆ, ಸಣ್ಣ ಅಕ್ಷರದಲ್ಲಿ. ಮೇಲೆ ಇರುವುದು ಬೇರೆ: ಏನಂತ ಕರೆದರೆ ಇಷ್ಟ, ಯಾವ ಕಿವಿ ಚೆನ್ನಾಗಿ ಕೇಳುತ್ತದೆ, ಯಾವ ವಸ್ತು ಎತ್ತಿಡಬಾರದು. ಬಾಯಾರಿಕೆ ಗೊತ್ತಾಗುವುದಿಲ್ಲ, ನೀರು ಬೇಕಾ ಅಂತ ಕೇಳಬೇಡ, ಲೋಟ ತಂದು ಜೊತೆಗೆ ನೀನೂ ಕುಡಿ. ಒಂದು ಪುಟದಲ್ಲಿ ಕೆಂಪು ಶಾಯಿಯಲ್ಲಿ, "ಮಗ ಒಳಗೆ ಬಂದ ಕೂಡಲೇ ಮಾತು ನಿಲ್ಲಿಸುತ್ತಾರೆ. ಅವನಿಲ್ಲದ ಹೊತ್ತು ಹೋಗು." ಅರವತ್ತು ದಾಟಿದವರಲ್ಲಿ ಸುಮಾರು ಆರರಲ್ಲಿ ಒಬ್ಬರು ಒಂದು ವರ್ಷದೊಳಗೆ ಯಾವುದಾದರೂ ಬಗೆಯ ದೌರ್ಜನ್ಯ ಅನುಭವಿಸಿರುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಪುಟದ ಅಮ್ಮ ಬಾಯಿ ಬಿಡಲು ಐದು ತಿಂಗಳು ಬೇಕಾಯಿತು. ಅಕ್ಕ ಐದು ತಿಂಗಳೂ ಹೋದರು. ಆ ಅಮ್ಮ "ಈಗ ಏನಾದರೂ ಮಾಡು" ಅಂದ ದಿನವೇ ವಕೀಲರನ್ನು ಕರೆದುಕೊಂಡು ಬಂದರು, ಅದಕ್ಕಿಂತ ಒಂದು ದಿನವೂ ಮುಂಚೆ ಅಲ್ಲ.

ಮೆಟ್ಟಿಲು ಹತ್ತುವಾಗ ಅಕ್ಕ ಎರಡು ಕಡೆ ನಿಂತರು. ಮಂಡಿ ನೋವು ಹೆಚ್ಚಾಗಿದೆ. ಅವರ ಕೈಚೀಲಕ್ಕೆ ಕೈ ಚಾಚಿದೆ, ಕೊಡಲಿಲ್ಲ. ನಾನೂ ನಿಂತೆ.

ಮನೆಗೆ ಬಂದು ನೋಟ್‌ಬುಕ್ಕು ತಿರುವುತ್ತಿದ್ದರೆ ಕೊನೆಯಲ್ಲಿ ಹೊಸ ಶಾಯಿಯ ಒಂದು ಪುಟ ಸಿಕ್ಕಿತು. ಮೇಲೆ ಅಕ್ಕನ ಹೆಸರು. ಕೆಳಗೆ: "ಅಕ್ಕ ಅಂತಲೇ ಕರಿ. ಎಡಗಿವಿ. ಬೆಳಗ್ಗೆ ಹತ್ತಕ್ಕೆ ಮುಂಚೆ ಬೇಡ, ಓದುತ್ತಿರುತ್ತೇನೆ. ಗಿಡಗಳಿಗೆ ನೀರು ನಾನೇ ಹಾಕುತ್ತೇನೆ. ಗುರುವಾರ ಬಂದರೆ ಒಳ್ಳೆಯದು."

ಫೋನ್ ಮಾಡಿ, ಗುರುವಾರ ಹತ್ತೂಕಾಲಿಗೆ ಬರ್ತೀನಿ ಅಕ್ಕ, ಅಂತ ಹೇಳಿದೆ. "ಹೊತ್ತಿಗೆ ಸರಿಯಾಗಿ ಬಾ" ಅಂದರು.